ಅರ್ಧ ಇಂಚಿನ ಪೈಪಿಗೆ ಅರ್ಧ ಇಂಚಿನ ಎಲ್ಬೊ ಕೂರದಿದ್ದರೆ

ಪ್ರಶ್ನೆ: ನಮ್ಮ ಬಚ್ಚಲುಮನೆಯ ತಣ್ಣೀರಿನ ಲೈನಿನಲ್ಲಿ ಅರ್ಧ ಇಂಚಿನ ಬಿಳಿ ಪೈಪಿನ ಎಲ್ಬೊ (ಪೈಪು ತಿರುಗುವಲ್ಲಿ ಹಾಕುವ ಮೂಲೆಯ ಜೋಡಣೆ) ಸೀಳಿತ್ತು. ಅಂಗಡಿಯಿಂದ ಅರ್ಧ ಇಂಚಿನ ಎಲ್ಬೊ ತಂದರೆ ಪೈಪು ಅದರೊಳಗೆ ಹೋಗಲೇ ಇಲ್ಲ. ಮುಕ್ಕಾಲು ಇಂಚಿನದು ತುಸು ಸಡಿಲವಾಗಿ ಕೂತಿದ್ದರಿಂದ ಸಲ್ಯೂಷನ್ ಧಾರಾಳವಾಗಿ ಬಳಿದು ಜೋಡಿಸಿದೆ. ಮೂರನೆಯ ದಿನವೇ ಕಿತ್ತುಬಂತು. ತಪ್ಪಿದ್ದೆಲ್ಲಿ?
- ಓದುಗರೊಬ್ಬರು, ತುಮಕೂರು

ಉತ್ತರ: ಎಲ್ಬೊದ ಬಣ್ಣವನ್ನು ನೀವು ಬರೆದಿಲ್ಲವಾದರೂ ಅದು ಕೆನೆಬಣ್ಣದ ಸಿಪಿವಿಸಿ, ಅಂದರೆ ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್ಕಿನ ಎಲ್ಬೊ ಆಗಿದ್ದಿರಬೇಕು. ನಿಮ್ಮ ಬಿಳಿ ಪೈಪು ಯುಪಿವಿಸಿ, ಅಂದರೆ ತಣ್ಣೀರಿನ ಪ್ಲಾಸ್ಟಿಕ್. ಎರಡನ್ನೂ ‘ಅರ್ಧ ಇಂಚು’ ಎಂದೇ ಕರೆಯುತ್ತಾರೆ, ಆದರೆ ಯುಪಿವಿಸಿ ಪೈಪಿನ ಹೊರವ್ಯಾಸ 21.3 ಮಿ.ಮೀ., ಸಿಪಿವಿಸಿಯದು 15.9 ಮಿ.ಮೀ. ಮಾತ್ರ. ಮುಕ್ಕಾಲು ಇಂಚಿನ ಸಿಪಿವಿಸಿಯ ಹೊರವ್ಯಾಸ 22.2 ಮಿ.ಮೀ. ಇರುವುದರಿಂದ ನಿಮ್ಮ ಪೈಪು ಅದರ ಎಲ್ಬೊದಲ್ಲಿ ಕೂತಂತೆ ಕಂಡಿತು, ಸುತ್ತಲೂ ಸಣ್ಣ ಸಂದು ಉಳಿಯಿತು. ನೀವು ಬಳಿದ ಸಲ್ಯೂಷನ್, ಅಂದರೆ ಸಾಲ್ವೆಂಟ್ ಸಿಮೆಂಟು, ಸಂದು ತುಂಬುವ ಅಂಟಲ್ಲ. ಎರಡೂ ಮೇಲ್ಮೈಗಳನ್ನು ತುಸು ಕರಗಿಸಿ ಒಂದನ್ನೊಂದು ಬೆಸೆಯುವುದು ಅದರ ಕೆಲಸವಾದ್ದರಿಂದ, ಪೈಪು ಬಿಗಿಯಾಗಿ ತಾಗದ ಕಡೆ ಎಷ್ಟು ಬಳಿದರೂ ವ್ಯರ್ಥ.

ಅಂಗಡಿಗೆ ಹೋಗುವ ಮೊದಲು ಪೈಪಿಗೆ ಒಂದು ಕಾಗದದ ಪಟ್ಟಿಯನ್ನು ಒಂದು ಸುತ್ತು ಸುತ್ತಿ, ಅಂಚು ಸೇರುವಲ್ಲಿ ಗುರುತು ಹಾಕಿ ಅಳೆಯಿರಿ. ಸುತ್ತಳತೆ ಸುಮಾರು 50 ಮಿ.ಮೀ. ಬಂದರೆ ಅರ್ಧ ಇಂಚಿನ ಸಿಪಿವಿಸಿ, 67 ಬಂದರೆ ಅರ್ಧ ಇಂಚಿನ ಯುಪಿವಿಸಿ, 70 ಬಂದರೆ ಮುಕ್ಕಾಲು ಇಂಚಿನ ಸಿಪಿವಿಸಿ. 67ಕ್ಕೂ 70ಕ್ಕೂ ಇರುವ ಅಂತರ ಕಣ್ಣಳತೆಗೆ ಸಿಗುವಂಥದ್ದಲ್ಲ, ಹಾಗಾಗಿ ಪೈಪಿನ ಮೈಮೇಲಿನ ಅಚ್ಚನ್ನೂ ಓದಿ. ಕತ್ತರಿಸಿದ ತುಂಡನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಇನ್ನೂ ಒಳ್ಳೆಯದು.

ಒಮ್ಮೆ ಬೆಸೆದ ಎಲ್ಬೊವನ್ನು ಬಿಚ್ಚಲು ಬರುವುದಿಲ್ಲ. ಅದನ್ನು ಕತ್ತರಿಸಿದಾಗ ಪೈಪು ಗಿಡ್ಡವಾಗುವುದರಿಂದ ಎಲ್ಬೊದ ಜೊತೆಗೆ ಎರಡು ಕಪ್ಲಿಂಗ್ (ಪೈಪಿನ ತುಂಡುಗಳನ್ನು ನೇರವಾಗಿ ಸೇರಿಸುವ ಜೋಡಣೆ) ಮತ್ತು ಒಂದು ಅಡಿ ಪೈಪನ್ನೂ ತಂದಿಟ್ಟುಕೊಳ್ಳಿ. ಭಾನುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಇದರ ಬೆಲೆ ತಿಳಿಯುತ್ತದೆ. ಸಿಮೆಂಟಿನ ಡಬ್ಬಿಯ ಮೇಲೆ ‘ಯುಪಿವಿಸಿ’ ಎಂದಿರುವುದನ್ನು ನೋಡಿಯೇ ಕೊಳ್ಳಿ. ಹ್ಯಾಕ್ಸಾ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಅಂಚಿನ ಸಿಬಿರನ್ನು ಕೆರೆದು, ತೇವ ಒರೆಸಿ, ಎರಡೂ ಕಡೆ ತೆಳುವಾಗಿ ಬಳಿದು, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವವರೆಗೆ ಒತ್ತಿ ಅರ್ಧ ನಿಮಿಷ ಹಿಡಿದಿರಿ. ಆಗುವುದಾದರೆ ಒಂದು ದಿನ ನೀರು ಬಿಡಬೇಡಿ. ಮುಂದೆ ಗೀಸರಿಗೋ ಸೋಲಾರಿಗೋ ಲೈನು ಎಳೆಯುವುದಿದ್ದರೆ ಈ ಬಿಳಿ ಪೈಪು ಸಲ್ಲದು. ಬಿಸಿನೀರಿಗೆ ಸಿಪಿವಿಸಿಯೇ ಬೇಕು, ಎರಡೂ ಸೇರುವಲ್ಲಿ ಥ್ರೆಡ್ ಇರುವ ಅಡಾಪ್ಟರ್ ಹಾಕಬೇಕು.

ಪ್ರಶ್ನೆ: ಹಿತ್ತಾಳೆಯ ಹೊಸ ನಲ್ಲಿಯನ್ನು ಬಿಗಿ ಮಾಡುವಾಗ ಪ್ಲಾಸ್ಟಿಕ್ ಎಲ್ಬೊದ ಬಾಯಿಯೇ ಬಿರುಕುಬಿಟ್ಟಿತು. ಟೇಪು ಸುತ್ತಿದ್ದು ಕಡಿಮೆಯಾಯಿತೇ?
- ಓದುಗರೊಬ್ಬರು, ಹಾಸನ

ಉತ್ತರ: ಟೇಪಿನದಲ್ಲ, ಬಲದ ದೋಷ. ನಲ್ಲಿಯ ಥ್ರೆಡ್ ಒಳಹೋದಷ್ಟೂ ಬೆಣೆಯಂತೆ ಎಲ್ಬೊದ ಬಾಯಿಯನ್ನು ಅಗಲಿಸುತ್ತದೆ. ಹಿತ್ತಾಳೆ ಅದನ್ನು ತಡೆಯುತ್ತದೆ, ಬರಿಯ ಪ್ಲಾಸ್ಟಿಕ್ ತಡೆಯದು. ನಲ್ಲಿ ಕೂರುವ ಕಡೆ ಒಳಗೆ ಹಿತ್ತಾಳೆಯ ಥ್ರೆಡ್ ಇರುವ ‘ಬ್ರಾಸ್ ಎಲ್ಬೊ’ವನ್ನೇ ಹಾಕಿ, ಬೆಲೆ ಹೆಚ್ಚಾದರೂ ಇಲ್ಲಿ ಉಳಿತಾಯ ಮಾಡಬಾರದು. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ, ಕೈಯಿಂದ ಬಿಗಿಯಾದ ಮೇಲೆ ಸ್ಪಾನರಿನಿಂದ ಸುಮಾರು ಒಂದು ಸುತ್ತು ತಿರುಗಿಸಿದರೆ ಸಾಕು. ನಲ್ಲಿಯ ಮೂತಿ ಕೆಳಮುಖವಾಗದೆ ಓರೆಯಾಗಿ ನಿಂತಿತೆಂದು ಹಿಂದಕ್ಕೆ ತಿರುಗಿಸಬೇಡಿ, ಅಲ್ಲಿಂದಲೇ ಜಿನುಗಲು ಶುರುವಾಗುತ್ತದೆ. ಪೂರ್ತಿ ಬಿಚ್ಚಿ, ಹಳೆಯ ಟೇಪನ್ನು ಕಿತ್ತು, ಇನ್ನೆರಡು ಸುತ್ತು ಹೆಚ್ಚು ಸುತ್ತಿ ಮತ್ತೆ ಕೂರಿಸಿ.