ಓದುಗರ ಪ್ರಶ್ನೆ: ಜೋರು ಗಾಳಿಯಲ್ಲಿ ಹಾಯಿದೋಣಿ

ಪ್ರಶ್ನೆ: ಹೈದರಾಬಾದಿನ ಹುಸೇನ್ ಸಾಗರದಲ್ಲಿ ಲೇಸರ್ ದೋಣಿ (ಒಬ್ಬರೇ ನಡೆಸುವ ಚಿಕ್ಕ ಹಾಯಿದೋಣಿ) ಕಲಿಯುತ್ತಿದ್ದೇನೆ. ಮುಂಗಾರಿನ ಗಾಳಿಗೆ ದೋಣಿ ಸದಾ ವಾಲುತ್ತದೆ, ಮೈನ್‌ಶೀಟ್ (ಹಾಯಿಯನ್ನು ಎಳೆದು ಬಿಡುವ ಹಗ್ಗ) ಬಿಟ್ಟರೂ ಹಿಡಿತಕ್ಕೆ ಬರುವುದಿಲ್ಲ.
– ಕನ್ನಡಿಗ ಓದುಗರು, ಸಿಕಂದರಾಬಾದ್

ಉತ್ತರ: ಗಾಳಿ 10 ನಾಟ್‌ನಿಂದ 20ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಿಮ್ಮದು 7.06 ಚದರ ಮೀಟರಿನ ಹಾಯಿಯಾಗಿದ್ದರೆ ಅದನ್ನೂ ಹಾಯಿ ಹೊರುವ ಕಂಬವಾದ ಕೂವೆಮರದ ಕೆಳತುಂಡನ್ನೂ ಬದಲಿಸಿ 5.76 ಅಥವಾ 4.7 ಚದರ ಮೀಟರಿನದು ಹಾಕಿಕೊಳ್ಳಿ. ದೋಣಿ ಅದೇ ಇರುತ್ತದೆ. ಚಿಕ್ಕ ಹಾಯಿ ಹಾಕಲು ಸಂಕೋಚ ಖಂಡಿತ ಬೇಡ.

ಶೀಟ್ ಬಿಟ್ಟರೂ ಕೆಲಸವಾಗದಿದ್ದರೆ ಮೊದಲು ವ್ಯಾಂಗ್ ನೋಡಿ. ಬೂಮನ್ನು (ಹಾಯಿಯ ಬುಡದುದ್ದಕ್ಕೂ ಇರುವ ಅಡ್ಡಗಳೆಯನ್ನು) ಕೆಳಕ್ಕೆ ಹಿಡಿದಿಡುವ ಈ ಹಗ್ಗ ಸಡಿಲವಿದ್ದರೆ ಬೂಮ್ ಪಕ್ಕಕ್ಕೆ ಸರಿಯುವ ಬದಲು ಮೇಲೇಳುತ್ತದೆ, ಹಾಯಿ ಇನ್ನಷ್ಟು ಉಬ್ಬುತ್ತದೆ. ಗಾಳಿಗೆದುರಾಗಿ ಏರುವಾಗ ವ್ಯಾಂಗ್, ಕನಿಂಗ್‌ಹ್ಯಾಮ್ (ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆಳೆಯುವ ಹಗ್ಗ), ಔಟ್‌ಹಾಲ್ (ಹಾಯಿಯ ಬುಡವನ್ನು ಬೂಮಿನ ತುದಿಯತ್ತ ಎಳೆಯುವ ಹಗ್ಗ) ಮೂರನ್ನೂ ಬಿಗಿದು ಹಾಯಿಯನ್ನು ಚಪ್ಪಟೆ ಮಾಡಿ. ನೀರಿನ ಮೇಲೆ ಕಪ್ಪು ಪಟ್ಟೆಯೊಂದು ನಿಮ್ಮತ್ತ ಸರಿಯುತ್ತಿದ್ದರೆ ಅದು ಗಾಳಿಯ ಹೊಡೆತ. ತಾಗುವ ಮೊದಲೇ ಮೈಯನ್ನು ಹೊರಕ್ಕೆ ಚಾಚಿ, ತಾಗಿದ ಕ್ಷಣ ಶೀಟನ್ನು ಒಂದೆರಡು ಅಡಿ ಬಿಡಿ, ದೋಣಿ ನೆಟ್ಟಗಾದಂತೆ ಮತ್ತೆ ಎಳೆದುಕೊಳ್ಳಿ. ಪೂರ್ತಿ ವಾಲಿದ ಮೇಲೆ ಬಿಟ್ಟರೆ ಬೂಮಿನ ತುದಿಯನ್ನು ನೀರು ತಡೆಯುತ್ತದೆ, ಹಾಯಿ ಗಾಳಿ ಚೆಲ್ಲುವುದೇ ಇಲ್ಲ. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ತಿರುಗುವ ಮುಂಚೆ ವ್ಯಾಂಗ್ ಸಡಿಲಿಸಲು ಮರೆಯಬೇಡಿ. ಆಗಲೂ ಬೂಮ್ ನೀರಿಗೆ ತಾಗಿಯೇ ಹೆಚ್ಚಿನವರು ಮಗುಚುವುದು.

ಪ್ರಶ್ನೆ: ಜೈಬ್ (ಗಾಳಿ ಬೆನ್ನಿಗಿರುವಾಗ ತಿರುಗಿ ಹಾಯಿಯನ್ನು ಇನ್ನೊಂದು ಬದಿಗೆ ದಾಟಿಸುವುದು) ಮಾಡಿದಾಗಲೆಲ್ಲ ಮಗುಚುತ್ತೇನೆ.
– ಓದುಗರು, ಮೈಸೂರು

ಉತ್ತರ: ಹೆದರಿ ವೇಗ ಇಳಿಸಿದ ಮೇಲೆ ತಿರುಗುತ್ತಿರಬಹುದು. ದೋಣಿ ಗಾಳಿಯೊಟ್ಟಿಗೆ ವೇಗವಾಗಿ ಓಡುವಾಗಲೇ ಹಾಯಿಯ ಮೇಲಿನ ಭಾರ ಕಡಿಮೆ, ಜೈಬಿಗೆ ಅದೇ ಸರಿಯಾದ ಗಳಿಗೆ. ಬೂಮ್ ದಾಟುವಾಗ ಶೀಟನ್ನು ಒಮ್ಮೆ ಝಾಡಿಸಿ ಎಳೆಯಿರಿ, ಇಲ್ಲವಾದರೆ ಅದು ಹಿಂಬದಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಡ್ಯಾಗರ್‌ಬೋರ್ಡನ್ನು (ದೋಣಿಯ ನಡುವಿನಿಂದ ನೀರಿಗಿಳಿಸುವ ಹಲಗೆಯನ್ನು) ತೀರಾ ಮೇಲೆತ್ತಿದ್ದರೆ ವ್ಯಾಂಗ್ ಅದಕ್ಕೆ ಬಡಿಯುತ್ತದೆ. ಧೈರ್ಯ ಸಾಲದ ದಿನ ಗಾಳಿಗೆದುರಾಗಿ ಸುತ್ತು ಹಾಕಿ ಟ್ಯಾಕ್ ಮಾಡಿ, ಅದೂ ಒಳ್ಳೆಯ ನಾವಿಕತನವೇ.

ಪ್ರಶ್ನೆ: ಜೆಟ್ಟಿಗೆ ಬರುವಾಗ ದೋಣಿ ನಿಲ್ಲುವುದಿಲ್ಲ, ಗುದ್ದುತ್ತದೆ. ಸರಿಯಾದ ಕ್ರಮವೇನು?
– ಓದುಗರು, ಬೆಂಗಳೂರು

ಉತ್ತರ: ದೋಣಿಗೆ ಬ್ರೇಕ್ ಇಲ್ಲ. ಹಾಯಿ ಗಾಳಿ ಚೆಲ್ಲಿದರೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಜೆಟ್ಟಿ ಇನ್ನೂ ದೂರವಿರುವಾಗಲೇ ಪರೀಕ್ಷೆ ಮಾಡಿ: ಬರಬೇಕೆಂದಿರುವ ದಿಕ್ಕಿನಲ್ಲೇ ಸಾಗುತ್ತ ಶೀಟ್ ಪೂರ್ತಿ ಬಿಡಿ. ಹಾಯಿ ಪಟಪಟನೆ ಬಡಿದರೆ ದಾರಿ ಸರಿ. ಇನ್ನೂ ತುಂಬಿಯೇ ಇದ್ದರೆ ನೀವು ಗಾಳಿಯ ಮೇಲುಗಡೆಯಿಂದ, ಅಂದರೆ ಗಾಳಿ ಬೀಸಿಬರುವ ಕಡೆಯಿಂದ, ಬರುತ್ತಿದ್ದೀರಿ. ಸುತ್ತು ಹಾಕಿ ಕೆಳಗಡೆಯಿಂದ ಬನ್ನಿ.

ಗಾಳಿಯ ದಿಕ್ಕಿಗೆ ಸುಮಾರು 60 ಡಿಗ್ರಿ ಓರೆಯಾಗಿ ಬಂದು, ಶೀಟನ್ನು ಬಿಟ್ಟು ಎಳೆದು ಮಾಡುತ್ತ ನಡಿಗೆಯ ವೇಗಕ್ಕೆ ಇಳಿಸಿ. ಜೆಟ್ಟಿ ಒಂದೆರಡು ದೋಣಿಯುದ್ದ, ಅಂದರೆ ಲೇಸರಿಗೆ 4ರಿಂದ 8 ಮೀಟರ್ ಇರುವಾಗ ಮೂತಿಯನ್ನು ಗಾಳಿಗೆ ತಿರುಗಿಸಿ. ಹಗುರ ದೋಣಿಯನ್ನು ಅಲೆಗಳು ಬೇಗ ತಡೆಯುತ್ತವೆ, ಮುಂಚೆಯೇ ತಿರುಗಿಸಿದರೆ ತಲುಪದೆ ಹಿಂದಕ್ಕೆ ತೇಲುತ್ತೀರಿ. ಹಾಗಾದರೆ ಕೈಚಾಚಿ ಹೆಣಗಬೇಡಿ, ಇನ್ನೊಂದು ಸುತ್ತು ಬನ್ನಿ. ಮೂತಿಯ ಹಗ್ಗವನ್ನು ಮೊದಲೇ ಬಿಡಿಸಿ ಕೈಗೆಟುಕುವಂತಿಟ್ಟು, ಕಟ್ಟುವಾಗ ಅದನ್ನೇ ಮೊದಲು ಕಟ್ಟಿ. ಹಿಂಭಾಗ ಮೊದಲು ಕಟ್ಟಿದರೆ ಮೂತಿ ಗಾಳಿಯಿಂದ ಆಚೆ ತಿರುಗಿ ಹಾಯಿ ಮತ್ತೆ ತುಂಬುತ್ತದೆ.

ಗಾಳಿ ನೇರವಾಗಿ ಜೆಟ್ಟಿಯತ್ತಲೇ ಬೀಸುತ್ತಿದ್ದರೆ ಲೆಕ್ಕವೇ ಬೇರೆ. ಕೂವೆಯನ್ನು ಆಧಾರದ ತಂತಿಗಳಿಂದ ಕಟ್ಟಿದ ದೋಣಿಗಳಲ್ಲಿ ಬೂಮ್ ತಂತಿಗೆ ತಾಗಿ ನಿಂತುಬಿಡುತ್ತದೆ, ಹಾಯಿ ಖಾಲಿಯಾಗುವುದಿಲ್ಲ. ಅಂಥದರಲ್ಲಿ ದೂರದಲ್ಲೇ ಗಾಳಿಗೆ ತಿರುಗಿ ದೊಡ್ಡ ಹಾಯಿ ಇಳಿಸಿ, ತೇಲಿಕೊಂಡು ಬನ್ನಿ. ಲೇಸರಿನ ಹಾಯಿ ಕೂವೆಗೆ ತೊಡಿಸಿದ್ದು, ನೀರಿನ ಮೇಲೆ ಇಳಿಸಲಾಗದು. ಆದರೆ ತಂತಿಗಳಿಲ್ಲದ್ದರಿಂದ ಶೀಟನ್ನು ಉದ್ದಕ್ಕೆ ಬಿಟ್ಟರೆ ಬೂಮ್ ಮುಂದಕ್ಕೆ ಹೊರಳಿ ಹಾಯಿ ಬಾವುಟದಂತೆ ಹಾರುತ್ತದೆ. ಹತ್ತಿರ ಇಳಿಜಾರು ದಡವಿದ್ದರೆ ಅದೇ ಮೇಲು: ತೊಡೆಮಟ್ಟದ ನೀರಿನಲ್ಲಿ ಮೂತಿಯನ್ನು ಗಾಳಿಗೆ ತಿರುಗಿಸಿ, ಗಾಳಿ ಬರುವ ಬದಿಯಿಂದ ಇಳಿದು ಮೂತಿ ಹಿಡಿದುಕೊಳ್ಳಿ. ಡ್ಯಾಗರ್‌ಬೋರ್ಡ್ ಅಷ್ಟರೊಳಗೆ ಮೇಲೆ ಬಂದಿರಲಿ. ಚುಕ್ಕಾಣಿಯನ್ನು ಕೊನೆಯ ಗಳಿಗೆಯವರೆಗೂ ಎತ್ತಬೇಡಿ, ಅರ್ಧ ಎತ್ತಿದ ಚುಕ್ಕಾಣಿಯಲ್ಲಿ ಅದರ ಹಿಡಿಯಾದ ಟಿಲ್ಲರ್ ಕಲ್ಲಿನಷ್ಟು ಭಾರ.

ಎಷ್ಟೇ ನಿಧಾನವಾಗಿ ಬಂದರೂ ಕೈಕಾಲನ್ನು ದೋಣಿಗೂ ಜೆಟ್ಟಿಗೂ ನಡುವೆ ಒಡ್ಡಬೇಡಿ. ಬರೀ ದೋಣಿಯೇ 59 ಕಿಲೊ, ಮೇಲೆ ನೀವು. ಗುದ್ದಿದ ಫೈಬರ್‌ಗ್ಲಾಸಿಗೆ ತೇಪೆ ಹಾಕಬಹುದು.