ದೆವ್ವ ಎಲ್ಲೈತೋ?

ಹುಬ್ಬಳ್ಳಿ ವಿದ್ಯಾನಗರದ ಓದುಗರೊಬ್ಬರ ಪತ್ರ: ‘ನೀವು ಹೊಗಳಿದಿರಿ ಅಂತ 1963ರ “ದಿ ಹಾಂಟಿಂಗ್” ನೋಡಿದೆವು. ಮನೆಮಂದಿಯೆಲ್ಲ ಮೊಬೈಲ್ ಸುತ್ತ ಕೂತು ಕಾದದ್ದೇ ಬಂತು. “ದೆವ್ವ ಎಲ್ಲೈತೋ?” ಅಂತ ಅವ್ವ ಎದ್ದೇ ಹೋದಳು. ದೆವ್ವ ತೋರಿಸೋಕೆ ಅವರ ಹತ್ರ ರೊಕ್ಕ ಇರಲಿಲ್ಲೇನ್ರೀ?’

ಸಂಪಾದಕರ ಉತ್ತರ:

ರೊಕ್ಕದ ಮಾತು ಮೊದಲು ಮುಗಿಸೋಣ. ಆ ಚಿತ್ರಕ್ಕೆ ಆದ ಖರ್ಚು ಸುಮಾರು 11 ಲಕ್ಷ ಡಾಲರ್. ಹಾಲಿವುಡ್‌ಗೆ ಅದೇನೂ ದೊಡ್ಡ ಮೊತ್ತ ಅಲ್ಲ, ನಿಜ. ಆದರೆ ಶರ್ಲಿ ಜಾಕ್ಸನ್ ಅವರ ಅದೇ ಕಾದಂಬರಿಯನ್ನು 1999ರಲ್ಲಿ ಮತ್ತೆ ಸಿನಿಮಾ ಮಾಡಿದರು. ಸುಮಾರು 8 ಕೋಟಿ ಡಾಲರ್ ಸುರಿದು, ಕಂಪ್ಯೂಟರ್‌ನಲ್ಲಿ ದೆವ್ವವನ್ನು ಕಣ್ತುಂಬಾ ತೋರಿಸಿದರು. ವಿಮರ್ಶಕರು ಚೆನ್ನಾಗಿ ಝಾಡಿಸಿದರು. ನನಗಂತೂ ನಗು ಬಂತು.

ಅವ್ವಾರ ಪ್ರಶ್ನೆ ಜಾಸ್ತಿ ಗಟ್ಟಿ. ಕತೆಯ ಎಲೀನರ್ ವರ್ಷಗಟ್ಟಲೆ ತಾಯಿಯ ಆರೈಕೆ ಮಾಡಿದವಳು. ಏನಾದರೂ ಬೇಕಾದರೆ ಆ ತಾಯಿ ಗೋಡೆ ಬಡಿಯುತ್ತಿದ್ದಳು. ಸತ್ತ ರಾತ್ರಿಯೂ ಬಡಿದಳು. ಮಗಳು ಏಳಲಿಲ್ಲ. ಈಗ ದೆವ್ವದ ಮನೆ ಅಂತ ಹೆಸರಾದ ಹಿಲ್ ಹೌಸ್‌ನಲ್ಲಿ ಆಕೆಯ ಮೊದಲ ರಾತ್ರಿ ದಬ್ ದಬ್ ಅಂತ ಸದ್ದು. ನಿದ್ದೆಗಣ್ಣಲ್ಲಿ ಎಲೀನರ್ ಏನಂತಾಳೆ, ನೆನಪಿದೆಯಾ? ‘ಬಂದೆ ಅಮ್ಮಾ’ ಅಂತಾಳೆ. ಸದ್ದು ಒಂದೊಂದೇ ಬಾಗಿಲು ದಾಟಿ ಬಂದು, ಆಕೆ ಮತ್ತು ಜೊತೆಗಾತಿ ಥಿಯೋ ಇರುವ ಕೋಣೆಯ ಬಾಗಿಲ ಮುಂದೆ ನಿಲ್ಲುತ್ತದೆ. ಹಿಡಿಕೆ ಮೆಲ್ಲಗೆ ತಿರುಗುತ್ತದೆ.

ಬಡಿಯುತ್ತಿರುವುದು ದೆವ್ವವೋ, ಆಕೆಯ ಮನಸ್ಸೋ? ಮನಸ್ಸು ಅನ್ನೋಣ ಅಂದರೆ ಜೊತೆಗಿದ್ದ ಥಿಯೋಗೂ ಅದು ಕೇಳಿಸಿದೆ. ಆಚೆ ಒಂದು ಕೋರೆಹಲ್ಲು ತೋರಿಸಿದ್ದರೆ ಪ್ರಶ್ನೆಯೇ ಮುಗಿದುಹೋಗುತ್ತಿತ್ತು, ಅಲ್ವಾ? ಆಮೇಲೊಂದು ರಾತ್ರಿ ದಪ್ಪ ಬಾಗಿಲು ಒಳಕ್ಕೆ ಉಬ್ಬುತ್ತದಲ್ಲ, ಅದು ಮರದ ಪದರ ಅಂಟಿಸಿ ಮಾಡಿದ್ದು. ಹಿಂದಿನಿಂದ ಒಬ್ಬ ಗಟ್ಟಿ ಆಳು ನೂಕಿದ, ಅಷ್ಟೇ.

ಮತ್ತೆ, ಮೊಬೈಲ್‌ನಲ್ಲಿ ನೋಡಿದ್ದೀರಿ. ಆ ಸದ್ದಿನ ಅರ್ಧವೂ ಅದರಲ್ಲಿ ಕೇಳಲ್ಲ. ಧಾರವಾಡದ ಹಳೇ ಮನೆಯಲ್ಲಿ ನಡುರಾತ್ರಿ ತೊಲೆ ಲಟಕ್ ಅಂದಾಗ ಆಗುವಂಥ ಹೆದರಿಕೆ ಇದು, ಕಿವಿಯಿಂದ ಬರಬೇಕು. ಟಿವಿಗೆ ಸ್ಪೀಕರ್ ಹಾಕಿ, ದೀಪ ಆರಿಸಿ ನೋಡಿ.

ಈ ಚಿತ್ರದ ನಿರ್ದೇಶಕ ರಾಬರ್ಟ್ ವೈಸ್ ಪಳಗಿದ್ದು, ತೋರಿಸದೇ ಹೆದರಿಸೋದರಲ್ಲಿ ಹೆಸರಾದ ನಿರ್ಮಾಪಕ ವ್ಯಾಲ್ ಲ್ಯೂಟನ್ ಕೈಯಲ್ಲಿ. ಮೊದಲ ಸಲ ನಿರ್ದೇಶನ ಸಿಕ್ಕಿದ್ದೂ 1944ರಲ್ಲಿ ಅವರಿಂದಲೇ. ಅವ್ವಾರು ಒಪ್ಪಿದರೆ ಲ್ಯೂಟನ್ ಅವರ 1942ರ ‘ಕ್ಯಾಟ್ ಪೀಪಲ್’ ಹಾಕಿ. ಬರೀ 73 ನಿಮಿಷ. ಅದರಲ್ಲಿ ಕರಿಚಿರತೆಯಾದರೂ ಒಂಚೂರು ಕಾಣುತ್ತದೆ, ಸ್ಟುಡಿಯೋದವರು ಹಟ ಹಿಡಿದದ್ದಕ್ಕೆ.