ಬಿ.ಎಚ್. ರೋಡಿನ ಆ ತುದೀಲಿ ಏನಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕ್ಕಾ ನಮಸ್ತೆ. ನಮ್ದು ಗುಬ್ಬಿ ಹತ್ರ ಹಳ್ಳಿ, ತೆಂಗಿನ ತೋಟ ಇದೆ. ನಮ್ಮಪ್ಪಂಗೆ 68 ವರ್ಷ, ಇವತ್ತಿನವರೆಗೂ ಸಮುದ್ರ ನೋಡಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲಾ ಹೋಗಿದಾರೆ, ಅಲ್ಲಿಂದಾನೇ ವಾಪಸ್ಸು. ಬೀಚಲ್ಲಿ ನಿಂತು ಫೋಟೋ ತೆಗೆಸ್ಕೊಂಡು ಬರೋದು ಅವರಿಗೆ ಹಿಡಿಸಲ್ಲ, ದೋಣಿ ಹೆಂಗೈತೆ, ಮೀನು ಹೆಂಗ್ ಹಿಡೀತಾರೆ ಅದನ್ನ ತೋರ್ಸು ಅಂತಾರೆ. ಎಲ್ರೂ ಮಲ್ಪೆ ಅಂತಿದಾರೆ. ಎರಡು ದಿನ ರಜಾ ಇದೆ, ಎಲ್ಲಿಗೆ ಕರ್ಕೊಂಡ್ ಹೋಗ್ಲಿ?
— ಗುಬ್ಬಿಯ ಓದುಗ

ಉತ್ತರ: ಮಲ್ಪೆ ಬೇಡ ಅನ್ನಲ್ಲ ತಮ್ಮಾ, ಅಲ್ಲಿನ ಬೋಟಿನ ಸಾಲು ನೋಡಿದ್ರೆ ಯಾರಿಗಾದ್ರೂ ಕಣ್ಣು ತುಂಬತ್ತೆ. ಆದ್ರೆ ನಿಮ್ಮಪ್ಪನ್ನ ನಾನಾಗಿದ್ರೆ ಹೊನ್ನಾವರಕ್ಕೆ ಕರ್ಕೊಂಡ್ ಹೋಗ್ತಿದ್ದೆ, ಅದಕ್ಕೆ ಮೊದಲ್ನೇ ಕಾರಣ ನಿಮ್ಮೂರಿನ ರೋಡು. ತುಮಕೂರಲ್ಲಿ ದಿನಾ ಬಿ.ಎಚ್. ರೋಡಲ್ಲಿ ಓಡಾಡ್ತೀವಿ, ಟೌನ್‌ಹಾಲ್ ಹತ್ರ ಆಟೋ ಹತ್ತುತೀವಿ, ಬಟವಾಡೀಲಿ ಇಳೀತೀವಿ, ಆದ್ರೆ ಆ 'ಎಚ್' ಅಂದ್ರೆ ಹೊನ್ನಾವರ ಅಂತ ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಂಗಳೂರು–ಹೊನ್ನಾವರ ರೋಡು, ಹಳೇ ನಂಬರಿನ 206ನೇ ಹೈವೇ, ಗುಬ್ಬಿ, ನಿಟ್ಟೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ಎಲ್ಲಾ ದಾಟಿ ಗೇರುಸೊಪ್ಪೆ ಘಾಟಿ ಇಳಿದು ಸಮುದ್ರದ ಹತ್ರಾನೇ ಮುಗಿಯತ್ತೆ. ತುಮಕೂರಿಂದ ಸುಮಾರು 360 ಕಿಲೋಮೀಟರ್. ನಿಮ್ಮ ಮನೆ ಹತ್ರ ಹೋಗೋ ರೋಡೇ ಬಂದರಿಗೆ ಹೋಗತ್ತೆ ಅಂತ ಅವರಿಗೆ ಮೊದ್ಲೇ ಹೇಳಿ, ದಾರಿ ಪೂರ್ತಿ ಕಿಟಕಿ ಬಿಟ್ಟು ಏಳಲ್ಲ.

ಬಸ್ಸಲ್ಲಿ ಅಷ್ಟು ದೂರ ಕೂರೋಕೆ ಕಷ್ಟ ಆದ್ರೆ ತುಮಕೂರಲ್ಲಿ ರಾತ್ರಿ ತಾಳಗುಪ್ಪ ರೈಲು ಹತ್ತಿ. ಅಲ್ಲಿಗೆ ಹಳಿ ಮುಗಿಯತ್ತೆ, ಮುಂದಕ್ಕೆ ಜೋಗದ ಮೇಲೆ ಬಸ್ಸು. ಘಾಟಿ ಇಳಿದ ಮೇಲೆ ಶರಾವತಿ ಜೊತೇಲೇ ಬರತ್ತೆ, ಆ ನದಿ ಒಟ್ಟು ಉದ್ದ 128 ಕಿಲೋಮೀಟರ್ ಅಷ್ಟೇ, ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರತ್ತೆ. ಸೇರೋ ಜಾಗದಲ್ಲಿ ಅದೆಷ್ಟು ಅಗಲ ಅಂದ್ರೆ ಕೊಂಕಣ ರೈಲ್ವೆಯ ಎಲ್ಲಕ್ಕಿಂತ ಉದ್ದದ ಸೇತುವೆ ಅಲ್ಲೇ ಇರೋದು, ಎರಡು ಕಿಲೋಮೀಟರಿಗೂ ಜಾಸ್ತಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಊರಿನ ಕಡೆ ರೂಮ್ ಮಾಡಿ, ಬೆಳಿಗ್ಗೆ ಬೇಗ ಎದ್ದು ನದಿ ಆಚೆ ಕಾಸರಕೋಡಿಗೆ ಹೋಗಿ, ಮೀನುಗಾರಿಕೆ ಬಂದರು ಅಲ್ಲೇ. ಎಂಟಕ್ಕೆ ತಿಂಡಿ ತಿಂದು ನಿಧಾನಕ್ಕೆ ಹೋದ್ರೆ ಅರ್ಧ ಕೆಲಸ ಮುಗಿದಿರತ್ತೆ. ಬೋಟು ಬಂದು ನಿಂತ ತಕ್ಷಣ ಬುಟ್ಟಿ ಇಳಿಯತ್ತೆ, ಐಸ್ ಪುಡಿ ಬೀಳತ್ತೆ, ಹರಾಜು ಕೂಗ್ತಾರೆ, ಎಲ್ಲಾ ಕಣ್ಮುಚ್ಚಿ ತೆಗೆಯೋದ್ರಲ್ಲಿ ಆಗೋಗತ್ತೆ. ನಾನು ಮೊದಲ್ನೇ ಸಲ ಹೋದಾಗ ಬುಟ್ಟಿ ಹೊರೋರ ದಾರೀಲೇ ನಿಂತ್ಬಿಟ್ಟಿದ್ದೆ, ಒಬ್ಬ ಹೆಂಗಸು ತಲೆ ಮೇಲೆ ಬುಟ್ಟಿ ಇಟ್ಕೊಂಡೇ, ನೀರು ಕಿವಿ ಪಕ್ಕ ಸುರೀತಿತ್ತು, "ತಂಗೀ ಸ್ವಲ್ಪ ಆಚೆ ನಿಲ್ಲು" ಅಂದ್ರು. ಅವರಿಗೆ ಅದು ಹೊಟ್ಟೆಪಾಡಿನ ಜಾಗ, ನಮಗೆ ನೋಡೋ ಜಾಗ, ಅಷ್ಟು ನೆನಪಿಟ್ಕೊಂಡು ಗೋಡೆ ಪಕ್ಕ ನಿಂತ್ರೆ ಸಾಕು, ಕೆಲಸ ಮುಗಿದ ಮೇಲೆ ಅವರೇ ಕರೆದು ಮಾತಾಡಿಸ್ತಾರೆ. ಮೀನಿನ ಹೆಸರು ನಮ್ಮ ಕಡೆ ಮಾರ್ಕೆಟ್ಟಲ್ಲಿ ಹೇಳೋ ಥರ ಇರಲ್ಲ, ಮಂಗಳೂರು ಕಡೆ ಬೂತಾಯಿ ಅನ್ನೋದು ಇಲ್ಲಿ ತಾರ್ಲೆ, ಸಿಗಡಿಗೆ ಶೆಟ್ಲಿ, ನದೀಲಿ ಸಿಗೋ ಚಿಪ್ಪಿನ ಮೀನಿಗೆ ಬಳಚು.

ನಿಮ್ಮಪ್ಪನಿಗೆ ಹತ್ರ ಆಗೋ ಎರಡು ವಿಷಯ ಹೇಳ್ತೀನಿ. ಒಂದು, ಮಾರು. ನಮ್ಮಲ್ಲಿ ಹೂವಿನೋರು ಎರಡೂ ಕೈ ಚಾಚಿ ಒಂದು ಮಾರು ಹೂವು ಅಂತ ಅಳೆದು ಕೊಡ್ತಾರಲ್ಲ, ಮೀನುಗಾರರು ಸಮುದ್ರದ ಆಳಾನೂ ಅದೇ ಮಾರಿನ ಲೆಕ್ಕದಲ್ಲೇ ಹೇಳ್ತಾರೆ, ಹತ್ತು ಮಾರು ನೀರು, ಇಪ್ಪತ್ತು ಮಾರು ನೀರು ಅಂತ. ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಮೇಲೆ ಎಳ್ಕೊಳೋವಾಗ ಕೈ ಚಾಚಿ ಚಾಚಿ ಎಣಿಸೋದು.

ಎರಡನೇದು ತೆಂಗಿನ ನಾರು. ಹಿಂದೆ ನಮ್ಮ ಪಶ್ಚಿಮ ಕರಾವಳಿಯ ಹಡಗಿನ ಹಲಗೆಗಳನ್ನ ಕಬ್ಬಿಣದ ಮೊಳೆ ಹೊಡೆದು ಕೂಡಿಸ್ತಿರಲಿಲ್ಲ, ತೂತು ಕೊರೆದು ನಾರಿನ ಹಗ್ಗದಲ್ಲಿ ಹೊಲೀತಿದ್ರು. 14ನೇ ಶತಮಾನದಲ್ಲಿ ಮೊರಾಕ್ಕೋದಿಂದ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಇದರ ಕಾರಣಾನೂ ಬರೆದಿದಾನೆ: ಈ ಸಮುದ್ರದಲ್ಲಿ ಬಂಡೆ ಜಾಸ್ತಿ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದ್ರೆ ಒಡೆದು ಹೋಗತ್ತೆ, ಹೊಲಿದಿದ್ದು ಸ್ವಲ್ಪ ಬಾಗತ್ತೆ, ಒಡೆಯಲ್ಲ. ತೆಂಗಿನ ತೋಟದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ನಾರು ಎಷ್ಟು ಎಳೀಬೋದು ಅನ್ನೋದು ಅವರ ಕೈಗೇ ಗೊತ್ತು. ಬೋಟು ದಡಕ್ಕೆ ಎಳೆದು ರಿಪೇರಿ ಮಾಡೋ ಕಡೆ ಅವರನ್ನ ಒಂದು ಗಂಟೆ ಬಿಟ್ಬಿಡಿ. ಈಗ ಮೊಳೆ, ಫೈಬರ್ ಎಲ್ಲಾ ಬಂದಿದೆ, ಆದ್ರೂ ಮರದ ಬೋಟಲ್ಲಿ ಹಲಗೆ ಸಂದಿಗೆ ಹತ್ತಿ ದಾರ ತುರುಕಿ ಮುಚ್ಚೋದು ನೋಡೋಕೆ ಸಿಕ್ಕರೆ ಅದೃಷ್ಟ.

ವಯಸ್ಸಾದ ಮೀನುಗಾರರು ಯಾರಾದ್ರೂ ಬಲೆ ಹೊಲೀತಾ ಕೂತಿದ್ರೆ ರಂಪಣಿ ಬಗ್ಗೆ ಕೇಳ್ಸಿ. ದೋಣೀಲಿ ಹೋಗಿ ದೊಡ್ಡ ಬಲೇನ ಅರ್ಧ ಚಂದ್ರದ ಥರ ಬಿಟ್ಟು ಬರೋದು, ಎರಡೂ ತುದಿ ದಡದಲ್ಲಿ, ಒಂದೊಂದು ತುದಿಗೂ ಹತ್ತಾರು ಜನ ನಿಂತು ಎಳೆಯೋದು, ಬಂದ ಮೀನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಕೊನೇಲಿ ಪರ್ಸೀನ್ ಬೋಟುಗಳು, ಅಂದ್ರೆ ಕಡಲಲ್ಲೇ ಮೀನಿನ ಗುಂಪಿನ ಸುತ್ತ ಬಲೆ ಹಾಕಿ ಚೀಲದ ಬಾಯಿ ಥರ ಬಿಗಿಯೋ ಬೋಟುಗಳು, ಬಂದ್ಮೇಲೆ ದಡಕ್ಕೆ ಬರೋ ಮುಂಚೇನೇ ಮೀನು ಹಿಡಿದಾಗೋಯ್ತು, ರಂಪಣಿ ಹೋಯ್ತು, ಈಗ ಅಲ್ಲಲ್ಲಿ ಸಣ್ಣ ಕೈರಂಪಣಿ ಉಳಿದಿದೆ. ನಮ್ಮಲ್ಲಿ ಬೋರ್‌ವೆಲ್ ಬಂದ್ಮೇಲೆ ತೆರೆದ ಬಾವಿ ಬತ್ತಿ ಹೋದ್ವಲ್ಲ, ಕೇಳ್ತಾ ಕೇಳ್ತಾ ನನಗೆ ಅದೇ ನೆನಪಾಯ್ತು, ನಿಮ್ಮಪ್ಪನಿಗೂ ಆಗತ್ತೆ.

ಪ್ರಶ್ನೆ: ಮೇಡಂ, ಮಕ್ಕಳ ಸ್ಕೂಲು ಶುರು ಆಗೋ ಮುಂಚೆ, ಜೂನ್ ಮೊದಲ ವಾರ ಹೋಗೋಣ ಅಂತಿದೀವಿ. ರೂಮ್ ರೇಟೂ ಕಮ್ಮಿ ಇರತ್ತೆ. ಆಗಬೋದಾ?
— ಶಿರಾದ ಓದುಗರು

ಉತ್ತರ: ಮಳೆ ನೋಡೋಕೆ ಹೋಗಿ, ಬಂದರು ನೋಡೋಕೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮರಿ ಮಾಡೋ ಕಾಲ ಅಂತ ಸರ್ಕಾರದ ನಿಷೇಧ. ಬೋಟೆಲ್ಲಾ ಕಟ್ಟಿಹಾಕಿರ್ತಾರೆ. ನೀರಿಗೆ ಇಳಿಯೋದಂತೂ ಆ ತಿಂಗಳಲ್ಲಿ ಬೇಡವೇ ಬೇಡ, ನಾವು ಕೆರೇಲಿ ಈಜು ಕಲಿತೋರು, ಕೆರೆ ನೀರು ನಿಂತಿರತ್ತೆ, ಸಮುದ್ರದ ನೀರು ಕಾಲಡಿ ಮರಳನ್ನೇ ಎಳ್ಕೊಂಡ್ ಹೋಗತ್ತೆ. ದಸರಾ ರಜಾಕ್ಕೆ ಇಟ್ಕೊಳಿ. ಇಲ್ಲಾಂದ್ರೆ ನೂಲು ಹುಣ್ಣಿಮೆ ಹೊತ್ತಿಗೆ ಹೋಗಿ, ಮೀನುಗಾರರು ಸಮುದ್ರ ಪೂಜೆ ಮಾಡಿ ತೆಂಗಿನಕಾಯಿ ಬಿಡ್ತಾರೆ.

ಪ್ರಶ್ನೆ: ನಾವು ಮೀನು ತಿನ್ನೋರಲ್ಲ, ವಾಸನೇನೂ ಆಗಲ್ಲ. ಆದ್ರೆ ಮಗಳು ಏಳನೇ ಕ್ಲಾಸು, ಹಳೇ ಬಂದರಿನ ಚರಿತ್ರೆ ನೋಡ್ಬೇಕು ಅಂತ ಹಠ. ಹೋದ್ರೆ ಏನಾದ್ರೂ ಸಿಗತ್ತಾ?
— ತುಮಕೂರಿನ ಓದುಗರು

ಉತ್ತರ: ಧಾರಾಳವಾಗಿ. ಅದೇ ಇಬ್ನ್ ಬತೂತ ಹೊನ್ನಾವರಕ್ಕೂ ಬಂದಿದ್ದ, ಊರಲ್ಲಿ ಹೆಣ್ಮಕ್ಕಳಿಗೆ 13, ಗಂಡು ಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದಾನೆ, ಬೇರೆಲ್ಲೂ ಹಿಂಗೆ ನೋಡಿಲ್ಲ ಅಂತಾನೂ ಸೇರಿಸಿದಾನೆ. ಮಗಳಿಗೆ ಮೊದಲು ಇದನ್ನೇ ಹೇಳಿ.

ಆಮೇಲೆ ಕಾಳುಮೆಣಸು. ಘಾಟಿಯ ಮೆಣಸು ಶರಾವತೀಲಿ ಇಳಿದು ಹೊನ್ನಾವರದಿಂದ ಹಡಗು ಹತ್ತುತಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತಾನೇ ಕರೆದ್ರು, ಐದು ದಶಕಕ್ಕೂ ಜಾಸ್ತಿ ಆಳಿದ ಹೆಂಗಸು. ಗೇರುಸೊಪ್ಪೇಲಿ ಕಾಡಿನ ಮಧ್ಯ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು, ಅದನ್ನ ಬಿಡಬೇಡಿ. ಕುಮಟಾ ಕಡೆ ಮಿರ್ಜಾನ್ ಕೋಟೆಗೂ ಹೋಗಿ. 1505ರಲ್ಲಿ ಪೋರ್ಚುಗೀಸರ ವೈಸ್‌ರಾಯ್ ಅಲ್ಮೇಡಾ ಇದೇ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಹಾಕಿದ, ಐದೇ ವರ್ಷಕ್ಕೆ ಇಲ್ಲಿನ ನೌಕಾಪಡೆ ನಾಯಕ ತಿಮ್ಮೋಜ ಅದೇ ಪೋರ್ಚುಗೀಸರಿಗೆ ಗೋವಾ ಹಿಡಿಯೋಕೆ ಸಹಾಯ ಮಾಡಿದ. ಯಾಕೆ ಅಂತ ಮಗಳು ಕೇಳಿದ್ರೆ ಸಂತೋಷ, ಲೈಬ್ರರೀಗೆ ಕರ್ಕೊಂಡ್ ಹೋಗಿ.

ಬಂದರಿಂದ ಸಮುದ್ರದ ಕಡೆ ನೋಡಿದ್ರೆ ಬಸವರಾಜ ದುರ್ಗ ಅಂತ ದ್ವೀಪ ಕಾಣತ್ತೆ, ಕೆಳದಿ ಅರಸರ ಕೋಟೆ. ದೋಣಿಯೋರು ಇವತ್ತು ಬೇಡ ಅಂದ್ರೆ ಚೌಕಾಸಿ ಮಾಡಿ ಒಪ್ಪಿಸಬೇಡಿ, ಗಾಳಿ ಅವರಿಗೆ ಗೊತ್ತು.

ಕಾಸರಕೋಡಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದ್ರೆ ಶುಚಿಯಾದ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿದೆ, ಕ್ಲೀನಾಗಿದೆ, ವಾಸನೆ ತೊಂದ್ರೆ ಇಲ್ಲ. ಅಲ್ಲೇ ಪಕ್ಕ ಟೊಂಕ, ಅಲ್ಲಿ ಹೆಂಗಸರು ಮರಳ ಮೇಲೆ ಮೀನು ಒಣಗಿಸ್ತಾರೆ, ಕಡಲಾಮೆ ಬಂದು ಮೊಟ್ಟೆ ಇಡತ್ತೆ. ಆ ದಡದಲ್ಲಿ ಖಾಸಗಿ ಬಂದರು ಬರೋದು ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡ್ತಿದಾರೆ. ಮೀನು ಒಣಗಿಸೋ ಮರಳು ಹೋದ್ರೆ ಆ ಹೆಂಗಸರು ಎಲ್ಲಿ ಹೋಗ್ಬೇಕು? ವಾಸನೆ ಐದು ನಿಮಿಷ ತಡ್ಕೊಂಡು ಅಲ್ಲಿಗೂ ಮಗಳನ್ನ ಕರ್ಕೊಂಡ್ ಹೋಗಿ ಅಂತ ನನ್ನ ಕೋರಿಕೆ.

ಪ್ರಶ್ನೆ: ವಾಪಸ್ ಬರೋವಾಗ ಮೀನು ತರಬೋದಾ? ಮನೇಲಿ ಮುದ್ದೆ ಜೊತೆ ಕೆರೆ ಮೀನಿನ ಸಾರೇ ಮಾಡಿ ಅಭ್ಯಾಸ.
— ಪಾವಗಡದ ಓದುಗ

ಉತ್ತರ: ತರಬೋದು. ಥರ್ಮೋಕೋಲ್ ಬಾಕ್ಸ್ ತಗೊಳಿ, ಮೀನು ಎಷ್ಟೋ ಐಸೂ ಅಷ್ಟೇ ಹಾಕಿ, ಒಂದು ಪದರ ಐಸು ಒಂದು ಪದರ ಮೀನು. ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು. ಆದ್ರೆ ಪಾವಗಡದ ಬಿಸಿಲಿಗೆ ನನ್ನ ಆಯ್ಕೆ ಒಣಮೀನು. ಟೊಂಕದ ಹೆಂಗಸರ ಹತ್ರಾನೇ ಕೊಂಡ್ಕೊಳಿ, ಮರಳು ಕೊಡವಿ ಕೊಡ್ತಾರೆ, ಎರಡು ಕವರ್ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಮನೇಲಿ ಕೆಂಡದ ಮೇಲೆ ಸುಟ್ಟು, ಹುಣಸೆಹಣ್ಣು, ಬೆಳ್ಳುಳ್ಳಿ ಹಾಕಿ ಬದನೆಕಾಯಿ ಜೊತೆ ಸಾರು ಮಾಡಿ. ಉಪ್ಪು ಮಾತ್ರ ಕೊನೇಲಿ, ರುಚಿ ನೋಡಿ ಹಾಕಿ, ಮೀನಲ್ಲೇ ಇರತ್ತೆ.